ಅಳಿಸುವ ಅಧಿಕಾರ

“ಓನರ್ ಮಗನ್ದೇ ಡಿಲೀಟ್ ಪರ್ಮಿಷನ್ ತೆಗ್ದುಬಿಟ್ಯಾ, ಸಾಮಿಯಾ?”

ಕೆ.ಆರ್. ಪುರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ಮಾತು. ಮಾತಾಡುತ್ತಿದ್ದ ಹೆಂಗಸರಿಬ್ಬರೂ ಔಷಧಿ ಗೋಡೌನಿನ ಕಂಪ್ಯೂಟರ್ ನೋಡಿಕೊಳ್ಳುವವರು.

“ತೆಗ್ದೆ ಹಂಸ. ಎಲ್ರೂ ನನ್ ಪಾಸ್‌ವರ್ಡಲ್ಲೇ ಒಳಗೋಗ್ತಿದ್ರು. ಡೇಟ್ ಮುಗ್ದಿರೋ ಸಿರಪ್ ಮಾರಕ್ಕೆ ಅಂತ ಎಂಟ್ರಿ ಅಳಿಸಿದ್ದು ಅವ್ನು, ಹೆಸರು ಬಂದಿದ್ದು ನಂದು.”

“ಈಗ?”

“ಒಬ್ಬೊಬ್ರಿಗೂ ಬೇರೆ ಲಾಗಿನ್. ಅವ್ನು ಬರೀ ನೋಡ್ಬಹುದು.”

“ಕೆಲ್ಸದಿಂದ ತೆಗೀತಾರೆ ಕಣೇ.”

“ತೆಗೀಲಿ. ಮಕ್ಳು ಕುಡಿಯೋ ಸಿರಪ್ ಅದು.”

ಅಷ್ಟರಲ್ಲಿ ಸಾಮಿಯಾಳಿಗೆ ಫೋನ್ ಬಂತು. ಓನರೇ.

“ಇಲ್ಲ ಸರ್, ನಿಮ್ ಮಗನಿಗೆ ಪರ್ಮಿಷನ್ ವಾಪಸ್ ಕೊಡಲ್ಲ. ಅಳಿಸ್ಲೇಬೇಕು ಅಂದ್ರೆ ನಿಮಗೆ ಲಾಗಿನ್ ಇದೆ. ನಿಮ್ ಹೆಸರಲ್ಲೇ ಅಳಿಸಿ.”

ಆ ಕಡೆಯವರು ಫೋನ್ ಇಟ್ಟರು. ಮರುಕ್ಷಣ ಹಂಸಳ ಫೋನ್ ಬಡಿದುಕೊಂಡಿತು.

“ಈಗ ನಂಗ್ ಮಾಡ್ತಾವ್ರೆ.”

“ಎತ್ತು. ನಿನ್ ಲಾಗಿನ್ನಿಂದ್ಲೂ ಅವ್ನಿಗೆ ಪರ್ಮಿಷನ್ ಕೊಡ್ಬಹುದಲ್ಲ, ಅದಕ್ಕೇ ಮಾಡ್ತಿರೋದು.”

ಹೊರಮಾವಿನ ಬಸ್ ಬಂತು. ಹಂಸ ಫೋನನ್ನು ಸೈಲೆಂಟಿಗೆ ಹಾಕಿ, ಬ್ಯಾಗಿನ ತಳಕ್ಕೆ ತುರುಕಿ, ಸಾಮಿಯಾಳಿಗಿಂತ ಮೊದಲೇ ಹತ್ತಿದಳು.