ಎಪ್ಪತ್ತನಾಲ್ಕು ಡಿಗ್ರಿ ಪಶ್ಚಿಮ

ಅಧ್ಯಕ್ಷರಾದ ಜಯರಾಮು ಅವರೇ, ವೇದಿಕೆಯ ಮೇಲಿನ ಗಣ್ಯರೇ, ಊಟದ ಕಡೆಗೇ ಒಂದು ಕಣ್ಣಿಟ್ಟು ಕೂತಿರುವ ನನ್ನ ಪ್ರೀತಿಯ ಸಭಿಕರೇ,

1989ನೇ ಸಾಲಿನ ಸನ್ಮಾನಿತರ ಪರಿಚಯ ಮಾಡಿಕೊಡಲು ಅವರ ಗಂಡನನ್ನೇ ಹಿಡಿದು ತಂದ ಕನ್ನಡ ಸಂಘ ಈ ನ್ಯೂಜೆರ್ಸಿಯಲ್ಲಿ ನಮ್ಮದೊಂದೇ ಇರಬೇಕು. ಹೊಗಳಿದರೆ ಪಕ್ಷಪಾತ, ತೆಗಳಿದರೆ ನಾಳೆಯ ಊಟಕ್ಕೆ ಸಂಚಕಾರ.

ನನ್ನ ಹೆಂಡತಿ ಸುಧಾಮಣಿ ಮಾಡುವ ಕೆಲಸವಾದರೂ ಏನು? ಆಕಾಶದಲ್ಲಿ ಉಪಗ್ರಹಗಳಿವೆ. ಪ್ರತಿಯೊಂದೂ ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಎಂದು ಸಾರುತ್ತಲೇ ಇರುತ್ತದೆ. ಆ ಮಾತು ನಮ್ಮನ್ನು ಮುಟ್ಟಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ನಾವಿರುವ ಜಾಗ ಸಿಗಬೇಕು. ಆದರೆ ಆ ಮಾತು ಕೇಳಿಸಿಕೊಳ್ಳಲು ನಮ್ಮ ಕೈಯಲ್ಲಿರುವ ಜಿಪಿಎಸ್ ಪೆಟ್ಟಿಗೆಯ ಗಡಿಯಾರ ಅಗ್ಗದ್ದು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಮುನ್ನೂರು ಮೀಟರ್ ಆಚೆ ಬೀಳುತ್ತೇವೆ. ಆ ತಪ್ಪು ಹಿಡಿಯಲು ನಾಲ್ಕನೆಯ ಉಪಗ್ರಹ ಬೇಕು. ಒಂದೂವರೆ ಗಂಟೆ ತಡವಾಗಿ ಶುರುವಾದ ಈ ಸಭೆಗೆ ಎಷ್ಟು ಉಪಗ್ರಹ ಬೇಕೋ, ಜಯರಾಮು ಅವರೇ ಹೇಳಬೇಕು! ಈ ಲೆಕ್ಕವನ್ನೆಲ್ಲ ಚಕಚಕನೆ ಮುಗಿಸುವ ಸಾಫ್ಟ್‌ವೇರ್ ಬರೆಯುವವಳು ಇವಳು.

ಭಾನುವಾರ ಬಂದರೆ ಪರೀಕ್ಷೆ. ಕಾರಿಗೆ ನಾನು ಡ್ರೈವರ್. ಹೋದ ತಿಂಗಳು ಇಲ್ಲೇ ನಮ್ಮ ಮೆಟುಚೆನ್ ರೈಲು ಸ್ಟೇಷನ್ನಿನ ಪಾರ್ಕಿಂಗ್ ಲಾಟಿನಲ್ಲಿ, ಹೊಸ ಸಾಫ್ಟ್‌ವೇರ್ ಹಾಕಿದ ಪೆಟ್ಟಿಗೆಯ ಅಂಕಿಗಳನ್ನು ಓದಿ ಹೇಳುವ ಕೆಲಸ ನನಗೆ ಬಿತ್ತು. “ರೇಖಾಂಶ ಎಪ್ಪತ್ನಾಕು ಚಿಲ್ಲರೆ, ಪೂರ್ವ. ಸರಿಯಾಗೇ ಐತಿ” ಎಂದೆ. ಬೆಳಗಾವಿಯವನಿಗೆ ಅದು ಶಾಲೆಯಲ್ಲಿ ಬಾಯಿಪಾಠ ಮಾಡಿದ ತನ್ನೂರಿನ ರೇಖಾಂಶ; ತಪ್ಪೆಂದು ಅನಿಸುವುದಾದರೂ ಹೇಗೆ? ನಾವಿದ್ದದ್ದು ಎಪ್ಪತ್ತನಾಲ್ಕು ಪಶ್ಚಿಮದಲ್ಲಿ. ಲೆಕ್ಕದಲ್ಲಿ ಒಂದು ಮೈನಸ್ ಗುರುತು ಬಿಟ್ಟುಹೋಗಿ, ಅಕ್ಷಾಂಶ ಮಾತ್ರ ಇಲ್ಲಿಯದೇ ಉಳಿದು, ಪೆಟ್ಟಿಗೆ ನಮ್ಮನ್ನು ಸೋವಿಯತ್ ಒಕ್ಕೂಟದ ಯಾವುದೋ ಬೆಟ್ಟದ ಮೇಲೆ ಕೂರಿಸಿತ್ತು. “ಅಲ್ಲಿಂದ ನೆಟ್ಟಗ ದಕ್ಷಿಣಕ್ಕ ಇಳಿದ್ರ ನಮ್ಮ ಮನಿ. ಇರ್ಲಿ ಬಿಡು, ತಿದ್ದಬ್ಯಾಡ” ಎಂದು ನಾನು ನಕ್ಕೆ. ಮೈಸೂರಿನ ಸುಧಾ ನಗಲಿಲ್ಲ.

“ರೀ, ಎಲ್ಲಿದ್ದೀವಿ ಅಂತ ಮೊದ್ಲು ಒಪ್ಕೋಬೇಕು. ದಾರಿ ಆಮೇಲೆ” ಎಂದಳು.

ಸಭಿಕರೇ, ‘ಬರುವ ವರ್ಷ ಊರಿಗೆ ವಾಪಸ್’ ಎಂದು ನಾನು ಇಲ್ಲಿಗೆ ಬಂದ ವರ್ಷದಿಂದಲೂ ಹೇಳುತ್ತಿದ್ದೇನೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಸೋಫಾ ಇಲ್ಲ, ಗೋಡೆಗೆ ಒಂದು ಮೊಳೆ ಇಲ್ಲ. ಬಂದವರೆಲ್ಲ ನೆಲದ ಮೇಲೆ ಕೂತು ಕಾಫಿ ಕುಡಿದಿದ್ದೀರಿ. ಈಗ ಕಂಪನಿಯವರು ಇಡೀ ತಂಡವನ್ನು ಇವಳ ಕೈಗೆ ಕೊಡುತ್ತೇವೆ ಎಂದಿದ್ದಾರಂತೆ. ಐದು ವರ್ಷದ ಕೆಲಸ. ಸೋಮವಾರ ಉತ್ತರ ಹೇಳಬೇಕು. ಇವಳು ನನಗೆ ಹೇಳಿಲ್ಲ. ಇವಳ ಆಫೀಸಿನ ಮುಕುಂದ್ ಈಗಷ್ಟೇ ಕಾಫಿ ಸಾಲಿನಲ್ಲಿ ಬಾಯಿಬಿಟ್ಟ. ಕೇಳಿದರೆ ನಾನು ಏನೆನ್ನುತ್ತೇನೆಂದು ಗೊತ್ತಿದ್ದೇ ಸುಮ್ಮನಿದ್ದಾಳೆ. ನನಗೆ ಬಹಳ ನೋವಾಯಿತು.

ಸುಧಾ, ಹಾಗೆ ಕಣ್ಣು ಬಿಟ್ಟು ನೋಡಬೇಡ. ಸೋಮವಾರ ಹೂಂ ಅನ್ನು. ನಾಳೆ ಪೆಟ್ಟಿಗೆಗೆ ರಜೆ, ಸೋಫಾ ತರಲು ಹೋಗೋಣ. ಡ್ರೈವರ್ ಇದ್ದೇ ಇದ್ದಾನೆ.

ಶಾಲು ಕಾಯುತ್ತಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಈ ಶಿವಶಂಕರಪ್ಪ ಸದ್ಯ ಇರುವುದು ನಲವತ್ತು ಉತ್ತರ, ಎಪ್ಪತ್ತನಾಲ್ಕು ಪಶ್ಚಿಮದಲ್ಲಿ. ಅಲ್ಲಿಂದಲೇ ನಮಸ್ಕಾರ.