ಸುಶೀಲಾಗ ಕೊಟ್ಟ ಬಣ್ಣದ ಸ್ಕ್ರೀನು

ಅಲ್ಲೋ, ಈಗಿನಂಗ ಎಲ್ಲಾ ಸ್ಕ್ರೀನು ಒಂದೇ ನಮೂನಿ ಇರ್ಲಿಲ್ಲಪಾ ಆಗ. ನಾ ಇಚಲಕರಂಜಿಯೊಳಗ ನೂಲಿನ ವ್ಯಾಪಾರಿ ಆಫೀಸಿಗೆ ಸೇರಿದಾಗ, ಎಂಬತ್ತೈದರ ಸುಮಾರು ಇರಬೇಕು, ಅಲ್ಲಿ ಇದ್ದದ್ದು ಒಂದ ಕಂಪ್ಯೂಟರ. ಕರೀ ಪಡದೆ, ಹಸರ ಅಕ್ಷರ. ಚಿತ್ರ ಗಿತ್ರ ಏನೂ ಬರ್ತಿರ್ಲಿಲ್ಲ, ಆದ್ರ ಅಕ್ಷರ ಮಾತ್ರ ಭಾಳ ಸ್ವಚ್ಛ. ನನ್ನ ಜೋಡಿ ಸುಶೀಲಾ ಅಂತ ಇದ್ದಳು, ಮುರಗೂಡದಾಕಿ. ಅವರಪ್ಪಂದು ಸಣ್ಣ ಲೇಥ್ ವರ್ಕ್‌ಶಾಪ್. ಅವರ ಮನ್ಯಾಗ ಆಫೀಸಿನ್ಯಾಗ ಕುಂತು ಪಗಾರ ತಂದಾಕಿ ಆಕಿನ ಮೊದಲ್ನೇದಾಕಿ, ತಿಳೀತೇನು?

ಆಮ್ಯಾಲ ಮಾಲಕ ಎರಡನೇದು ತಂದ, ಬಣ್ಣದ್ದು. ಬಂದ ಗಿರಾಕಿ ನೋಡ್ಲಿ ಅಂತ ಬಾಗಲಾ ಎದುರಿಗೇ ಇಟ್ಟು ಸುಶೀಲಾನ್ನ ಕುಂಡ್ರಿಸಿದ. ಬಣ್ಣ ಇತ್ತು ಖರೆ, ಅಕ್ಷರ ಮಾತ್ರ ದಪ್ಪ, ಒಡದೊಡದು. ಮೂರು ಎಂಟಿನಂಗ ಕಾಣೂದು, ಎಂಟು ಮೂರಿನಂಗ. ಸಂಜೀಕ ಆಕಿ ಕಣ್ಣಾಗ ನೀರು ಸುರಿಯೂದು, ಬಿಲ್ ತಪ್ಪೂದು. ಮಾಲಕ ಗಿರಾಕಿ ಮುಂದನ ಒದರಾಂವ, ‘ಕಾಯ್ ಗ, ಮೂರು ಯಾವ್ದು ಎಂಟು ಯಾವ್ದು ಕಳತ್ ನಾಹೀ ಕಾ, ತಿಳಿಯಂಗಿಲ್ಲೇನು?’ ‘ಮಾಲಕ, ಆಕಿ ಜಾಗಾದಾಗ ನಾ ಕುಂದರ್ತೇನ್ರಿ’ ಅಂದೆ. ‘ಯಾರು ಎಲ್ಲಿ ಕುಂಡ್ರಬೇಕು ಅಂತ ನೀ ಹೇಳಬ್ಯಾಡ’ ಅಂದ ಆಂವ.

ಕೊಲ್ಹಾಪುರದಿಂದ ಮೆಕ್ಯಾನಿಕ್ ಬಂದಾಗ ಕೇಳಿದೆ, ‘ಅಣ್ಣಾ, ಈ ಹಸರ ಸ್ಕ್ರೀನಿನ ವಾಯರ್ ಆಕಿ ಕಂಪ್ಯೂಟರಿಗೆ ಚುಚ್ಚಲೇನು? ಪಿನ್ ಒಂದ ಥರಾ ಅದಾವ.’ ಆಂವ ಗಾಬರಿಯಾಗಿ, ‘ಬ್ಯಾಡ್ರೀ ಅಕ್ಕಾರ! ಪಿನ್ ಕೂಡ್ತಾವ, ಆದ್ರ ಒಳಗ ಸ್ಕ್ರೀನ್ ನಡಸೂ ಕಾರ್ಡ ಬ್ಯಾರೆ. ಸ್ಕ್ರೀನು ಸುಟ್ಟೋಗತೈತಿ. ಹಸರದ್ದ ಬೇಕಂದ್ರ ಕಾರ್ಡೂ ಹಸರ ಸ್ಕ್ರೀನಿಂದು ಹಾಕಬೇಕು’ ಅಂದ. ಮಾಲಕ ನಕ್ಕ, ‘ಬಣ್ಣದ್ದು ತೆಗದು ಮತ್ತ ಹಸರದ್ದ? ಮಂದಿ ಏನಂದಾರು?’

ಮುಗೀತು. ಆ ತಿಂಗಳ ಕಡೀಗೆ ಸುಶೀಲಾನ್ನ ಕೆಲಸ ಬಿಡಿಸಿದ. ‘ಹುಡುಗಿಗೆ ಅಂಕಿ ಓದಾಕ ಬರಂಗಿಲ್ಲ’ ಅಂತ ಅವರಪ್ಪಗ ಹೇಳಿ ಕಳಿಸಿದ, ನೋಡ್ರಿ.

ಕೆಲವು ವರ್ಷಕ್ಕ ನಮ್ಮ ಆಫೀಸಿಗೆ ಹೊಸಾ ನಮೂನಿ ಸ್ಕ್ರೀನು ಬಂತು, ಬಣ್ಣಾನೂ ಐತಿ, ಅಕ್ಷರಾನೂ ಸ್ವಚ್ಛ. ನಾ ಎಸ್.ಟಿ. ಬಸ್ ಹಿಡದು ಮುರಗೂಡಕ್ಕ ಹೋದೆ. ಸುಶೀಲಾ ವರ್ಕ್‌ಶಾಪಿನ್ಯಾಗ ಕುಂತು ಕಬ್ಬಿಣದ ತುಂಡು ಒರಸಾಕತ್ತಿದ್ದಳು. ‘ಬಾರವ್ವಾ, ಈಗ ಮೂರು ಮೂರಿನಂಗ ಕಾಣತೈತಿ’ ಅಂದೆ. ಆಕಿ ಕೈಯಾಗಿನ ಎಣ್ಣಿ ಒರಸಿಕೋತ, ‘ಅಕ್ಕಾ, ನನಗ ಓದಾಕ ಬರಂಗಿಲ್ಲಂತ ನಮ್ಮಪ್ಪ ಸೈತ ನಂಬ್ಯಾನ. ಏನರ ಕಾಗದ ಬಂದ್ರ ನನ್ನ ದಾಟಿಸಿ ತಮ್ಮಗ ಕೊಡ್ತಾನ ಓದು ಅಂತ. ಇನ್ನ ನಾ ಎಲ್ಲಿಗೆ ಬರ್ಲಿ?’ ಅಂದ್ಳು. ಚಾ ಕೊಟ್ಳು. ನಾ ಒಬ್ಬಾಕೇ ತಿರುಗಿ ಬಂದೆ.

ಅದಕ್ಕ ಹೇಳಾಕತ್ತೇನಿ, ಯಾರರ ಕಾಣವಲ್ದು ಅಂದ್ರ ಬೈಬ್ಯಾಡ್ರಿ, ಅವರ ಕುರ್ಚಿ ಮ್ಯಾಲ ಒಂದಿಷ್ಟು ಕುಂತು ನೋಡ್ರಿ. ಏಳ್ರಿನ್ನ, ಉಣ್ಣಾಕ ಹೋಗೂಣು.