ಕಣ್ಣು ತೆರೆಸಿದ ಫೋಟೊ

ನಗುವವರಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಬಾಯಿ ಹಾಕಬೇಡಿ. ಅರುಣಕುಮಾರ ನನ್ನ ಕಾಕಾನ ಮಗ, ಗೊಳಸಂಗಿಯಲ್ಲಿದ್ದಾನೆ. ದೆವ್ವ ಅಂದರೆ ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

ಅವತ್ತು ಬಾಗೇವಾಡಿಯಿಂದ ಕಡೇ ಬಸ್ಸಿಗೆ ಬಂದಿಳಿದ. ಊರು ಮಲಗಿತ್ತು. ಕಿಸೆಯಲ್ಲಿ ಹೊಸ ಪೆನ್‌ಡ್ರೈವ್. ಮನೆಯ ದಾರಿ ಹಳೇ ಬಾವಿಯ ಮಗ್ಗುಲಲ್ಲೇ ಹೋಗುತ್ತದೆ. ಅಲ್ಲಿ ಬಂದಾಗ ಒಂದು ಸದ್ದು… ಕಿರ್ರ್… ಕಿರ್ರ್… ಗಾಜಿನ ಬಳೆ ಕಲ್ಲಿಗೆ ಉಜ್ಜುವ ಸದ್ದು. ಯಾರೋ ಬಾವಿಕಟ್ಟೆಯನ್ನು ತಡವಿಕೊಂಡು ಸುತ್ತುತ್ತಿರುವ ಹಾಗೆ. ಇವನು ನಿಂತ. ಸದ್ದೂ ನಿಂತಿತು.

"ಯಾರವ್ವಾ?"

ಕಣ್ಣು ಮಂಜಾದ ಯಾವುದೋ ಮುದುಕಿ ದಾರಿ ತಪ್ಪಿರಬೇಕು ಅಂದುಕೊಂಡ.

"ದಾರಿ ಕಾಣವಲ್ದೇನು? ಬರ್ರಿ, ನನ್ನ ಹಿಂದ ಬರ್ರಿ."

ಅಂದುಬಿಟ್ಟ. ನಮ್ಮ ಕಡೆಯ ಜನಕ್ಕೆ 'ಬರ್ರಿ' ಅನ್ನುವುದೊಂದು ಚಟ. ಹೊತ್ತು ನೋಡುವುದಿಲ್ಲ, ಕರೆಯುತ್ತಿರುವುದು ಯಾರನ್ನು ಅಂತಲೂ ನೋಡುವುದಿಲ್ಲ.

ಪೆನ್‌ಡ್ರೈವಿನ ಸಂಗತಿ ಹೇಳಿಬಿಡುತ್ತೇನೆ. ಅವನ ಹೆಂಡತಿ ಸುಜಾತಾ ಹೋದ ವರ್ಷ ಕಾಮಣಿ ಬೇನೆಯಾಗಿ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತೇವಲ್ಲ, ಹಾಗೆ ಕೂಡಿಸಿದಾಗ ತೆಗೆದದ್ದೊಂದೇ ಅವಳ ಫೋಟೊ ಕೈಗೆ ಸಿಕ್ಕಿತು. ಮನೆಯಲ್ಲಿ ಫೋಟೊ ತೆಗೆಯುವವಳು ಯಾವಾಗಲೂ ಅವಳೇ ಆಗಿದ್ದರಿಂದ ಫೋಟೊದೊಳಗೆ ಅವಳಿರುತ್ತಿರಲಿಲ್ಲ. ತೀರಿದವರಿಗಾಗಿ ಮಾಡುವ ಶಿವಗಣಾರಾಧನೆಗೆ ಫೋಟೊ ಇಡಲೇಬೇಕು. ಅಂಥ ಫೋಟೊಗಳಿಗೆ ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ ಕೊಡುತ್ತಾರೆ. ಬಾಗೇವಾಡಿಯಲ್ಲಿ ಸ್ಟುಡಿಯೊ ಇಟ್ಟ ಆರಿಫ ಪಾಪ ಕೇಳಿದ:

"ವೈನಿಯವರು ಇದ್ದಾಗಿನ ಫೋಟೊ ಒಂದು ಕೊಡ್ರಿ ಅಣ್ಣಾರ. ಅದರಾಗಿನ ಕಣ್ಣ ಹಚ್ತೇನಿ."

ಹುಡುಕುವ ತ್ರಾಣ ಅರುಣನಿಗೆ ಎಲ್ಲಿತ್ತು? "ಯಾರದರ ಕಣ್ಣ ಹಚ್ಚೋ ಮಾರಾಯಾ, ಸಾಕು" ಅಂದ. ಆರಿಫ ಯಾವುದೋ ಮದುಮಗಳ ಕಣ್ಣು ತಂದು ಕೂಡಿಸಿದ.

ಆ ಫೋಟೊ ಗೋಡೆಗೇರಿತು. ಮಗಳು ಸಮೃದ್ಧಿ, ಇನ್ನೂ ಸಾಲಿಗೆ ಹೋಗದ ಕೂಸು, ದಿನಾ ಅದರ ಕೆಳಗೆ ನಿಂತು ನೋಡುವಳು. ಒಂದು ದಿನ ಕೇಳಿದಳು.

"ಅಪ್ಪಾ, ಇಕಿ ಯಾರು?"

"ನಿಮ್ಮವ್ವ."

"ಅಲ್ಲ." ಫೋಟೊ ಕಡೆಗೇ ನೋಡುತ್ತ ಅಂದಳು: "ಅವ್ವ ಹ್ಯಾಂಗಿದ್ಳು? ನನಗ ನೆನಪಾಗವಲ್ದು."

ಆಗ ಅರುಣನಿಗೆ ಹೊಳೆಯಿತು. ಮಗಳ ಹುಟ್ಟುಗೂದಲು, ಜಾವಳ, ತೆಗೆಸಿದ ದಿನ, ಸುಜಾತಾಳ ಕೈಯಿಂದ ಮೊಬೈಲ್ ಕಸಿದುಕೊಂಡು ತಾನೇ ಅವಳ ಫೋಟೊ ತೆಗೆದಿದ್ದ. ಅವಳು ಫೋಟೊಗಳನ್ನೆಲ್ಲ ಮನೆಯ ಕಂಪ್ಯೂಟರಿಗೆ ಹಾಕಿಡುತ್ತಿದ್ದಳು. ಓಡಿಹೋಗಿ ಅದನ್ನು ಚಾಲೂ ಮಾಡಿದರೆ ಒಳಗಿನಿಂದ ಕಟ್… ಕಟ್… ಕರ್ರ್. ಆ ಸದ್ದನ್ನು ಫೋನಿನಲ್ಲೇ ಕೇಳಿಸಿಕೊಂಡ ಆರಿಫ ಅಂದ:

"ಡಿಸ್ಕ್ ಸಾಯಾಕತ್ತೈತ್ರಿ. ಇವತ್ತ ಎಲ್ಲಾ ಕಾಪಿ ಮಾಡ್ಕೋರಿ. ಒಮ್ಮೆ ಬಂದ್ ಬಿತ್ತಂದ್ರ ಮತ್ತ ಏಳಂಗಿಲ್ಲ."

ಅದಕ್ಕೇ ಪೆನ್‌ಡ್ರೈವ್ ತರಲು ಹೋಗಿದ್ದ.

ಮನೆ ಮುಟ್ಟಿದಾಗ ಮಗ್ಗುಲ ಮನೆಯ ಲಕ್ಕವ್ವ ಕೂಸನ್ನು ಮಲಗಿಸಿ ಬಾಗಿಲಲ್ಲಿ ಕೂತಿದ್ದಳು. "ಸಪ್ಪಳ ಮಾಡಬ್ಯಾಡ, ಈಗರ ಮಲಗೇತಿ" ಎಂದು ಪಿಸುಗುಟ್ಟಿದಳು. ಆಮೇಲೆ ಅವನ ಬೆನ್ನ ಹಿಂದೆ ನೋಡಿದಳು.

"ಸಂಗಾಟ ಬಂದಾಕಿ ಯಾರೋ?"

"ಯಾರೂ ಇಲ್ಲ ಕಾಕಿ."

"ಚಪ್ಪಲ್ ಬಿಡಾಕತ್ತಿದ್ಳಲ್ಲೋ…"

ಅರುಣ ತಿರುಗಿ ನೋಡಿದ. ಬರೀ ಅಂಗಳ. ಲಕ್ಕವ್ವ ಸೆರಗು ಬಿಗಿದುಕೊಂಡು ತನ್ನ ಮನೆ ಸೇರಿ ಅಗಳಿ ಹಾಕಿಕೊಂಡಳು.

ಕಾಪಿ ಶುರುವಾಯಿತು. ಹಸಿರು ಪಟ್ಟಿ ತೆವಳುತ್ತಿತ್ತು. ಕಟ್… ಕಟ್… ನಿಲ್ಲಬೇಡಪ್ಪಾ, ನಿಲ್ಲಬೇಡ ಎಂದು ಅರುಣ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟು ಕೂತ.

ಕರೆಂಟು ಹೋಯಿತು.

ಫ್ಯಾನು ನಿಂತಿತು. ಪರದೆ ಕಪ್ಪಾಯಿತು. ಡಿಸ್ಕ್ ಮಾತ್ರ ನಿಲ್ಲಲಿಲ್ಲ. ಕಟ್… ಕಟ್… ಕತ್ತಲಲ್ಲಿ ತಿರುಗುತ್ತಲೇ ಇತ್ತು. ಅದರ ನಡುವೆ ಇನ್ನೊಂದು ಸದ್ದು. ಕಿರ್ರ್… ಕಿರ್ರ್… ಈಗ ಮನೆಯೊಳಗಿನ ಗೋಡೆಗೆ.

"ಕಾಣವಲ್ದ್ರಿ…"

ಅವಳದೇ ದನಿ. ಅದೇ ಸಣ್ಣ ಕೀರಲು.

"ಸುಜಾತಾ?"

"ಇವು ನನ್ನ ಕಣ್ಣಲ್ರಿ… ಕೂಸು ಕಾಣವಲ್ದು."

ಬೇರೆ ಯಾರಾಗಿದ್ದರೂ ಕೂಸನ್ನು ಎತ್ತಿಕೊಂಡು ಓಡುತ್ತಿದ್ದರು. ಇವನಿಗೆ ಅಳು ಬಂತು. ಹೆಂಡತಿಯಲ್ಲವೇ. "ಒಳಗ ಮಲಗೇತಿ. ಕಣ್ತುಂಬ ನೋಡ್ಕೊಂಡು ಹೋಗ" ಅಂದ.

"ಕೂಸಿನ ಕಣ್ಣಿಂದ ನೋಡ್ಲೇನ್ರಿ?"

ಕೇಳಿದ್ದು ಏನೆಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಲಿಲ್ಲ. ಅವಳು ಯಾವಾಗಲೂ ಹೀಗೇ, ಏನು ಮಾಡುವುದಿದ್ದರೂ ಒಂದು ಮಾತು ಕೇಳಿಯೇ ಮಾಡುವವಳು. ಇವನು ಯಾವಾಗಲೂ ಹೂಂ ಅನ್ನುವವನು.

"ಹೂಂ" ಅಂದ.

ಬಳೆಗಳು ಒಳಕೋಣೆಯ ಕಡೆ ಹೋದವು. ಆಮೇಲೆ 'ಟಕ್' ಎಂದಿತು ಡಿಸ್ಕ್. ಅಷ್ಟೇ, ಮತ್ತೆ ಏಳಲಿಲ್ಲ. ಅರುಣ ಕೂತಲ್ಲೇ ಯಾವಾಗ ಕಣ್ಣು ಮುಚ್ಚಿದನೋ ಅವನಿಗೇ ಗೊತ್ತಿಲ್ಲ.

ಎಚ್ಚರಾದಾಗ ಕರೆಂಟು ಬಂದಿತ್ತು, ಹೊರಗೆ ಬಿಸಿಲೂ ಬಿದ್ದಿತ್ತು. ಪೆನ್‌ಡ್ರೈವನ್ನು ಟೀವಿಗೆ ಸಿಕ್ಕಿಸಿದ. ಫೋಟೊಗಳೆಲ್ಲ ಬಂದಿದ್ದವು! ಜಾವಳದ್ದು ಬಂದಿತ್ತು. ಸುಜಾತಾ ಇದ್ದಳು, ತನ್ನವೇ ಕಣ್ಣಲ್ಲಿ ನಗುತ್ತಿದ್ದಳು. ಮುಂದಿನ ಫೋಟೊದಲ್ಲೂ ಇದ್ದಳು. ಅದರ ಮುಂದಿನದರಲ್ಲೂ. ಅವಳೇ ತೆಗೆದಿದ್ದ ಫೋಟೊಗಳಲ್ಲೂ ಮಗಳ ಮಗ್ಗುಲಲ್ಲಿ ಅವಳೇ ನಿಂತಿದ್ದಳು. ಅರುಣ ಹುಚ್ಚನಂತೆ ಅಳುತ್ತ ನಗುತ್ತ ಒಂದೊಂದೇ ಸರಿಸಿದ. "ಸಮೂ, ಬಾರಽ, ನಿಮ್ಮವ್ವನ ನೋಡ ಬಾ" ಎಂದು ಕೂಗಿದ.

ಕೂಗಿದ ಮೇಲೆ ಕಂಡಿತು. ಒಂದು ಫೋಟೊದಲ್ಲೂ ಮಗಳ ಕಣ್ಣು ತೆರೆದಿರಲಿಲ್ಲ. ತೊಟ್ಟಿಲಲ್ಲಿ, ಅಜ್ಜನ ಹೆಗಲ ಮೇಲೆ, ಕೇಕು ಕತ್ತರಿಸುವಾಗ… ಎಲ್ಲದರಲ್ಲೂ ಮುಚ್ಚಿದ ಕಣ್ಣು.

ಒಳಗೆ ಓಡಿದ. ಕಿಟಕಿಯ ಬಿಸಿಲು ನೇರ ಹಾಸಿಗೆಯ ಮೇಲೆ ಬಿದ್ದಿತ್ತು. ಕೂಸು ಎದ್ದು ಕೂತಿತ್ತು. ಕಣ್ಣುಗಳು ತೆರೆದೇ ಇದ್ದವು.

"ಅಪ್ಪಾ," ಅಂದಳು, "ಇನ್ನೂ ಬೆಳಕ ಹರಿದಿಲ್ಲೇನು?"

ವಿಜಯಪುರಕ್ಕೆ ಒಯ್ದರು, ಸೊಲ್ಲಾಪುರಕ್ಕೆ ಒಯ್ದರು, ಹುಬ್ಬಳ್ಳಿಗೂ ಹೋಗಿಬಂದರು. ಎಲ್ಲ ಕಡೆಯೂ ಒಂದೇ ಮಾತು, ಕಣ್ಣಿನಲ್ಲಿ ಏನೂ ದೋಷವಿಲ್ಲ. ಅರುಣ ಪೆನ್‌ಡ್ರೈವ್ ಅಳಿಸಿದ. ಹೆಂಡತಿಯ ಮುಖ ಇನ್ನೊಮ್ಮೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ಒಂದೊಂದೇ ಅಳಿಸಿದ, ಕೂಸಿಗೆ ಕಣ್ಣು ಬಂದರೆ ಸಾಕೆಂದು. ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಸುಳ್ಳು ಅನ್ನಬೇಡಿ. ಹೋದ ತಿಂಗಳು ನಾನೇ ಹೋಗಿದ್ದೆ. ಕೂಸು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿತ್ತು. ಯಾರೋ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಬಿಗಿಯಾಗಿ ಹೆಣೆದಿದ್ದರು. ಅರುಣನಿಗೆ ಜಡೆ ಹಾಕಲು ಬರುವುದಿಲ್ಲ. ಲಕ್ಕವ್ವ ಆ ರಾತ್ರಿಯಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ. ನಾನು ಜಡೆ ಮುಟ್ಟಿ ನೋಡಿದೆ. ಎಣ್ಣೆ ಇನ್ನೂ ಹಸಿಯಾಗಿತ್ತು.